ರುಂಡ ಮರಳಿ ಪಡೆದ ಮೂವರು ದೊರೆಗಳು

ಪೋಲೆಂಡ್ ಮತ್ತು ಲಿಥುವೇನಿಯಗಳ ನಡುವೆ, ಉಳಿದ ರಷ್ಯಾದಿಂದ ಬೇರೆಯಾಗಿ ಉಳಿದ ತುಂಡು ನೆಲದ ರಾಜಧಾನಿ ಕಲಿನಿನ್‌ಗ್ರಾಡ್. ಅಲ್ಲಿನ ಫ್ರೂಂಜೆ ಬೀದಿಯಲ್ಲಿ ನಡೆಯುತ್ತಿದ್ದವನಿಗೆ ವಾಹನಗಳ ಗದ್ದಲದ ಮಗ್ಗುಲಲ್ಲೇ ಕೆಂಪಿಟ್ಟಿಗೆಯ ಪುಟ್ಟ ಕೋಟೆಯೊಂದು ಕಂಡಿತು. ಮೂಲೆಮೂಲೆಗೂ ಅಷ್ಟಕೋನದ ಬುರುಜು, ನೆತ್ತಿಯುದ್ದಕ್ಕೂ ತೆನೆಗಳ ಸಾಲು, ನಡುವೆ ಒಂದೇ ಕಮಾನಿನ ದಾರಿ. ಹತ್ತಿರ ಹೋದೆ. ಅದು ಕೋಟೆಯಲ್ಲ, ಬರೀ ಹೆಬ್ಬಾಗಿಲು! ಎಡಕ್ಕೂ ಬಲಕ್ಕೂ ಗೋಡೆಯೇ ಇಲ್ಲ.

1946ರಲ್ಲಿ ಹೆಸರು ಬದಲಾಗುವವರೆಗೆ ಈ ಊರು ಕೋನಿಗ್ಸ್‌ಬರ್ಗ್. ತತ್ತ್ವಶಾಸ್ತ್ರ ಓದಿದವರಿಗೆ ಕಾಂಟ್‌ನ ಊರು, ಗಣಿತ ಓದಿದವರಿಗೆ ಆಯ್ಲರ್‌ನ ಏಳು ಸೇತುವೆಗಳ ಊರು. ಪ್ರಷ್ಯಾ ತನ್ನ ಪೂರ್ವದ ಗಡಿಗೆ ಹೊಸ ಕೋಟೆ ಕಟ್ಟಿಸುತ್ತಿದ್ದಾಗ, 1843ರ ಆಗಸ್ಟ್ 30ರಂದು, ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ದೊರೆಯ ಸಮ್ಮುಖದಲ್ಲಿ ಈ 'ರಾಜರ ಬಾಗಿಲಿ'ಗೆ ಅಡಿಗಲ್ಲು ಬಿತ್ತು. 1850ರಲ್ಲಿ ಕೆಲಸ ಮುಗಿಯಿತು. ಗಾಥಿಕ್ ಶೈಲಿಯ ಮುಖವನ್ನು ಕೊಟ್ಟವನು ಬರ್ಲಿನ್ನಿನ ವಾಸ್ತುಶಿಲ್ಪಿ ಫ್ರೆಡ್ರಿಕ್ ಆಗಸ್ಟ್ ಸ್ಟ್ಯೂಲರ್. ಒಳಗೆ ಕಾವಲು ಸೈನಿಕರ ದಪ್ಪ ಗೋಡೆಯ ಕೋಣೆಗಳು, ಹೊರಗೆ ಮಧ್ಯಯುಗದ ಅರಮನೆಯ ಬೆಡಗು. ಫಿರಂಗಿಯ ಕಾಲದಲ್ಲಿ ಒಂದು ಬಾಗಿಲಿಗೆ ಇಷ್ಟು ಅಕ್ಕರೆಯೇ ಎಂದು ಬೆರಗಾದೆ. ಊರು ಬೆಳೆದಂತೆ 20ನೆಯ ಶತಮಾನದಲ್ಲಿ ಅಕ್ಕಪಕ್ಕದ ಕೋಟೆಗೋಡೆ ನೆಲಸಮವಾಯಿತು, ಬಾಗಿಲು ಮಾತ್ರ ಒಂಟಿಯಾಗಿ ಉಳಿಯಿತು.

ಕಮಾನಿನ ಮೇಲಿನ ಗೂಡುಗಳಲ್ಲಿ ಮರಳುಗಲ್ಲಿನ ಮೂವರು ನಿಂತಿದ್ದಾರೆ. ವಿಲ್ಹೆಲ್ಮ್ ಸ್ಟ್ಯುರ್ಮರ್ ಕಡೆದದ್ದು. ಎಡಗಡೆ ಬೊಹೀಮಿಯಾದ ಎರಡನೆಯ ಒಟ್ಟೊಕರ್. 1255ರಲ್ಲಿ ಟ್ಯೂಟಾನಿಕ್ ಯೋಧರು ಇಲ್ಲಿ ಕೋಟೆ ಹಾಕಿದ್ದು ಅವನ ದಂಡಯಾತ್ರೆಯ ಬೆನ್ನಿಗೆ. ನಡುವೆ ಒಂದನೆಯ ಫ್ರೆಡ್ರಿಕ್, 1701ರಲ್ಲಿ ಇದೇ ಊರಲ್ಲಿ ತನ್ನ ಕೈಯಾರೆ ಕಿರೀಟ ಇಟ್ಟುಕೊಂಡು ದೊರೆಯಾದವನು. ಬಲಗಡೆ ಡ್ಯೂಕ್ ಆಲ್ಬ್ರೆಕ್ಟ್. ಮೂವರಲ್ಲಿ ನನಗೆ ಹೆಚ್ಚು ಆಪ್ತನಾದವನು ಅವನೇ, ಏಕೆಂದರೆ ಮುಂದೆ ಕಾಂಟ್ ಪಾಠ ಹೇಳಿದ ವಿಶ್ವವಿದ್ಯಾಲಯವನ್ನು 1544ರಲ್ಲಿ ಕಟ್ಟಿದವನು.

1944ರ ಆಗಸ್ಟ್‌ನಲ್ಲಿ ಬ್ರಿಟಿಷ್ ಬಾಂಬುಗಳು ಹಳೆಯ ಊರನ್ನು ಸುಟ್ಟವು. 1945ರ ಏಪ್ರಿಲ್‌ನಲ್ಲಿ ಸೋವಿಯತ್ ಪಡೆ ನುಗ್ಗಿತು. ಉಳಿದಿದ್ದ ಜರ್ಮನ್ನರನ್ನು ಕೆಲವೇ ವರ್ಷಗಳಲ್ಲಿ ಹೊರಕ್ಕೆ ಸಾಗಿಸಲಾಯಿತು, ಸೋವಿಯತ್ ನಾಡಿನ ನಾನಾ ಕಡೆಯಿಂದ ಹೊಸಬರು ಬಂದು ನೆಲೆನಿಂತರು. ಬಾಗಿಲ ಮೇಲಿನ ಮೂವರ ರುಂಡಗಳೂ ಹೋದವು. ಮುಂಡಗಳು ದಶಕಗಳ ಕಾಲ ಹಾಗೆಯೇ ನಿಂತಿದ್ದವು.

2005ರಲ್ಲಿ ಬಾಗಿಲನ್ನು ದುರಸ್ತಿ ಮಾಡಿದರು, ಮೂವರಿಗೂ ರುಂಡ ಕಡೆದು ಕೂರಿಸಿದರು. ಈಗ ಒಳಗೆ ವಸ್ತುಸಂಗ್ರಹಾಲಯವಿದೆ. ತಣ್ಣನೆಯ ಒರಟು ಇಟ್ಟಿಗೆಗೆ ಕೈಯಿಟ್ಟು ಆ ಮುಖಗಳನ್ನು ನೋಡುತ್ತಾ ನಿಂತೆ. ಈ ದೊರೆಗಳು ಇಲ್ಲಿನ ಜನಕ್ಕೆ ರಕ್ತಸಂಬಂಧಿಗಳಲ್ಲ, ಅವರ ಭಾಷೆ ಆಡಿದವರಲ್ಲ. ಆದರೂ 2005ರಲ್ಲಿ ರಷ್ಯನ್ನರ ಈ ಊರು ಹಬ್ಬ ಮಾಡಿದ್ದು ಸೋವಿಯತ್ ಪಡೆ ನುಗ್ಗಿ 60 ವರ್ಷ ತುಂಬಿತೆಂದು ಅಲ್ಲ. ಒಟ್ಟೊಕರನ ಕಾಲದಿಂದ ಎಣಿಸಿ, 750 ತುಂಬಿತೆಂದು!