ಮತ ನೀಡುವ ಮುನ್ನ ಎಷ್ಟು ದಿನ?

ಸಂಘ-ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿರುವ ಸಮಾಜಬಾಂಧವರು ನಮ್ಮನ್ನು ಆಗಾಗ ಕೇಳುವುದುಂಟು: ಒಂದು ವಿಷಯಕ್ಕೆ ಮತ ನೀಡುವ ಮುನ್ನ ಸದಸ್ಯನಾದವನಿಗೆ ಎಷ್ಟು ಕಾಲಾವಕಾಶವಿರಬೇಕು? ಮಠದಲ್ಲಿ ಶಾಸ್ತ್ರಾಧ್ಯಯನ ಮಾಡಿದವರಿಗೆ ಈ ಲೌಕಿಕದ ಗೊಡವೆ ಏಕೆಂದು ಕೆಲವರು ನಕ್ಕಾರು. ಆದರೆ ನಾವೂ ಹಲವು ವರ್ಷಗಳಿಂದ ಒಂದು ವಿದ್ಯಾಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ಕುಳಿತವರು. ಉಪ್ಪಿಟ್ಟು, ಚಹಾ ಮುಗಿಯುವುದರೊಳಗೆ ಠರಾವುಗಳು ಮಂಜೂರಾದುದನ್ನು ಕಣ್ಣಾರೆ ಕಂಡವರು.

ಕಂಪನಿಗಳ ಮಟ್ಟಿಗೆ ಕಾನೂನು ಒಂದು ಅಳತೆಯನ್ನು ಹಾಕಿಕೊಟ್ಟಿದೆ. ೨೦೧೩ರ ಕಂಪನಿ ಕಾಯ್ದೆಯ ೧೭೩ನೆಯ ಕಲಮಿನ ಪ್ರಕಾರ ನಿರ್ದೇಶಕ ಮಂಡಳಿಯ ಸಭೆಗೆ ಕನಿಷ್ಠ ೭ ದಿನಗಳ ಲಿಖಿತ ಸೂಚನೆ ಬೇಕು. ಶೇರುದಾರರ ಮಹಾಸಭೆಗೆ ೨೧ ದಿನ. ತುರ್ತು ಕಾರ್ಯವಿದ್ದರೆ ಮಂಡಳಿಯ ಸಭೆಯನ್ನು ಬೇಗನೆ ಕರೆಯಬಹುದು. ಆದರೆ ಸ್ವತಂತ್ರ ನಿರ್ದೇಶಕರಿರುವ ಕಂಪನಿಯಲ್ಲಿ ಅವರಲ್ಲಿ ಒಬ್ಬರಾದರೂ ಆ ಸಭೆಯಲ್ಲಿರಬೇಕು. ಇಲ್ಲವಾದರೆ ನಿರ್ಣಯವನ್ನು ಎಲ್ಲ ನಿರ್ದೇಶಕರಿಗೂ ಕಳುಹಿಸಿ, ಅಂಥ ಒಬ್ಬರಾದರೂ ಒಪ್ಪಿದ ಮೇಲೆಯೇ ಅದು ಅಂತಿಮವಾಗುತ್ತದೆ. ನಮ್ಮ ಸಂಘಗಳಿಗೆ ಈ ಕಾಯ್ದೆ ಅನ್ವಯಿಸದು, ಅವು ತಮ್ಮ ನಿಯಮಾವಳಿಯಂತೆ ನಡೆಯತಕ್ಕವು. ಆದರೂ ಲಾಭಕ್ಕಾಗಿ ನಡೆಯುವ ವ್ಯವಹಾರಕ್ಕೇ ಇಷ್ಟು ಎಚ್ಚರವಿರುವಾಗ, ದಾನದ ಸೊತ್ತನ್ನು ಕಾಯುವವರಿಗೆ ಇನ್ನೆಷ್ಟಿರಬೇಕು!

ಕೆಲವು ವರ್ಷಗಳ ಹಿಂದೆ ಪ್ರಸಾದ ನಿಲಯದ ಹಿಂಬದಿಯ ೨ ಎಕರೆ ಜಾಗವನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವ ವಿಷಯ ನಮ್ಮ ಸಮಿತಿಗೆ ಬಂದಿತು. ಬಂದದ್ದಾದರೂ ಹೇಗೆ? 'ಅಧ್ಯಕ್ಷರ ಅಪ್ಪಣೆಯಂತೆ ಬರುವ ಇತರ ವಿಷಯಗಳು' ಎಂಬ ಕೊನೆಯ ಸಾಲಿನಡಿಯಲ್ಲಿ. (ಆ ಸಾಲಿನೊಳಗೆ ಆನೆಯನ್ನೂ ಅಡಗಿಸಬಹುದು.) ನಲವತ್ತು ಪುಟಗಳ ಇಂಗ್ಲಿಷ್ ಕರಡು ಸಭೆಯಲ್ಲಿಯೇ ಕೈಗೆ ಬಂದಿತು. ಹಿರಿಯ ರೈತ ಸದಸ್ಯರೊಬ್ಬರು ಎದ್ದು ನಿಂತು, "ಸಾಹೇಬ್ರ, ಎತ್ತು ಕೊಳ್ಳಾಕ ಹೋದ್ರೂ ಹಲ್ಲು ನೋಡತೀವಿ, ನಾಕು ಹೆಜ್ಜಿ ನಡಿಸಿ ನೋಡತೀವಿ. ಇದನ್ನ ಮನಿಗೆ ಒಯ್ದು ಓದಿಸ್ಕೊಂಡು ಬರತೀನ್ರಿ" ಎಂದರು. ನಾವು ಅನುಮೋದಿಸಿದೆವು. ಸಭೆ ೧೫ ದಿನ ಮುಂದೆ ಹೋಯಿತು.

ಅವರ ಸೊಸೆ ಕಾಲೇಜಿನಲ್ಲಿ ಅಧ್ಯಾಪಕಿ. ಆಕೆ ಕರಡನ್ನು ಓದಿ, ಜಾಗದ ಮೂಲಪತ್ರ ಎಲ್ಲಿದೆಯೆಂದು ಮಾವನವರನ್ನು ಕೇಳಿದರಂತೆ. ಕಚೇರಿಯ ಹಳೆಯ ಕಪಾಟಿನಲ್ಲಿ ದಾನಪತ್ರ ಸಿಕ್ಕಿತು. ಭೂಮಿ ಕೊಟ್ಟ ತಾಯಿ, ಅದು ವಿದ್ಯಾರ್ಥಿಗಳ ವಸತಿಗೆ ಮಾತ್ರ ಸಲ್ಲತಕ್ಕದ್ದೆಂದು ಸ್ಪಷ್ಟವಾಗಿ ಬರೆಯಿಸಿದ್ದರು. ಗುತ್ತಿಗೆಯ ಮಾತು ಅಲ್ಲಿಗೆ ನಿಂತಿತು. ಕೆಲವರಿಗೆ ಇಂದಿಗೂ ಅಸಮಾಧಾನವಿದೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಆ ಹಣದಿಂದ ನಿಲಯದ ಸೋರುವ ಕೊಠಡಿಗಳು ದುರಸ್ತಿಯಾಗುತ್ತಿದ್ದವು.

ಆದುದರಿಂದ ದಿನಗಳನ್ನಷ್ಟೇ ಎಣಿಸಿ ಪ್ರಯೋಜನವಿಲ್ಲ. ಓದಲು ಬಾರದ ಭಾಷೆಯ ಕಾಗದವನ್ನು ತಿಂಗಳು ಮುಂಚೆ ಕೊಟ್ಟರೂ ಅದು ಕೊಟ್ಟಂತಾಗದು. ಸುಗ್ಗಿಯ ವಾರದಲ್ಲಿ ರೈತನಿಗೂ, ಪರೀಕ್ಷೆಯ ವಾರದಲ್ಲಿ ಶಿಕ್ಷಕನಿಗೂ ಏಳು ದಿನ ಏಳಾಗಿ ಉಳಿಯುವುದಿಲ್ಲ. ಸುಣ್ಣ-ಬಣ್ಣಕ್ಕೆ, ಹೆಂಚು ಬದಲಿಸಲು ಅಂದಿನ ಸಭೆಯೇ ಸಾಕು. ಅಂಥದಕ್ಕೂ 'ಮುಂದಿನ ಸಭೆಗೆ ಇಡೋಣ' ಎನ್ನುವವರನ್ನು ನಾವು ಬಲ್ಲೆವು, ಅವರಿಗೆ ಬೇಕಾದದ್ದು ಕಾಲವಲ್ಲ, ನೆಪ. ಭೂಮಿ, ಸಾಲ, ನೌಕರನನ್ನು ವಜಾ ಮಾಡುವುದು ಈ ಮೂರಕ್ಕಾದರೂ ಒಂದು ಸಭೆಯಲ್ಲಿ ಚರ್ಚೆ, ಇನ್ನೊಂದರಲ್ಲಿ ಮತ ಎಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ಸಮಿತಿಯ ಕಾಗದಗಳು ಎಂಟು ದಿನ ಮೊದಲೇ, ಕನ್ನಡ ಸಾರಾಂಶದೊಡನೆ ಮನೆಗೆ ಬರುತ್ತಿವೆ. ಈ ಸಲದ ಲಕೋಟೆಯಲ್ಲಿ ಲೆಕ್ಕಪರಿಶೋಧಕರ ವರದಿ ಮಾತ್ರ ಇರಲಿಲ್ಲ. ಅದನ್ನು ಕೇಳಿ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇವೆ.