ಹುಣ್ಣಿಮೆ ಕಳೆದ ಎರಡನೇ ರಾತ್ರಿ

1971ರ ಡಿಸೆಂಬರ್ 4, ಭಾರತ-ಪಾಕಿಸ್ತಾನ ಯುದ್ಧದ ಹೊತ್ತು. ಹುಣ್ಣಿಮೆ ಕಳೆದು ಎರಡೇ ದಿನ. ಚಂದ್ರ ಆಗಲೇ ಮೇಲೇರಿದ್ದಾನೆ. ಕರಾಚಿಯ ದಕ್ಷಿಣಕ್ಕೆ, ಅರಬ್ಬಿ ಸಮುದ್ರದಲ್ಲಿ, 'ನಿರ್ಘಾತ್' ಎಂಬ ಕ್ಷಿಪಣಿ ದೋಣಿಯೊಳಗೆ ನೀವಿದ್ದೀರಿ. ಡೀಸೆಲ್ ಎಂಜಿನುಗಳ ಅದುರು ಅಂಗಾಲಿನಿಂದ ಹತ್ತಿ ಹಲ್ಲಿನವರೆಗೂ ಬರುತ್ತಿದೆ. ಯಾರೂ ಬೇಡದ ಮಾತು ಆಡುತ್ತಿಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ 'ಚಪಲ್' ಹತ್ತಿ ಇಳಿದವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಅದು ಇದೇ ರಷ್ಯನ್ ಕುಲದ, ಈ ಯುದ್ಧದ ನಂತರ ಬಂದ ದೋಣಿ. ಉದ್ದ ಸುಮಾರು 39 ಮೀಟರ್. ಎರಡೂ ಮಗ್ಗುಲಲ್ಲಿ ಎರಡೆರಡು ಉಕ್ಕಿನ ಗೂಡು, ಒಂದೊಂದರಲ್ಲೂ ಎರಡು ಟನ್ನಿಗೂ ಮೀರಿ ತೂಗುವ ಒಂದೊಂದು ಕ್ಷಿಪಣಿ. ಆ ಗೂಡುಗಳಿಗೆ ಕೊಟ್ಟು ಮಿಕ್ಕ ಜಾಗದಲ್ಲಿ ಮನುಷ್ಯರು.

ಇವು ನಮ್ಮ ಬಂದರುಗಳ ಕಾವಲಿಗೆಂದು ತಂದ ದೋಣಿಗಳು. ಓಟ ಜೋರು, ಆದರೆ ದೂರ ಹೋಗುವ ಇಂಧನವಿಲ್ಲ. ಅಂಥವನ್ನು ಶತ್ರುವಿನ ಬಾಗಿಲಿಗೇ ಒಯ್ಯುವ ಸಾಹಸಕ್ಕೆ ನೌಕಾಪಡೆ ಇಟ್ಟ ಗುಟ್ಟಿನ ಹೆಸರು 'ಆಪರೇಷನ್ ಟ್ರೈಡೆಂಟ್'. ಟ್ರೈಡೆಂಟ್ ಎಂದರೆ ತ್ರಿಶೂಲ. ದೋಣಿಗಳೂ ಮೂರು: ನಿಪಾತ್, ನಿರ್ಘಾತ್, ವೀರ್. ಜೊತೆಗೆ ದೊಡ್ಡ ರಾಡಾರ್ ಇರುವ ಕಿಲ್ತಾನ್ ಮತ್ತು ಕಛ್ಛಲ್; ಇಂಧನಕ್ಕೆ ಪೋಷಕ್. ದೋಣಿಗಳ ದಳಪತಿ ಕಮಾಂಡರ್ ಬಬ್ರುಭಾನ್ ಯಾದವ್ ನಿಪಾತ್‌ನಲ್ಲಿದ್ದಾರೆ. ಹಗಲೆಲ್ಲ ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬೀಳದಷ್ಟು ದೂರದಲ್ಲಿದ್ದು, ಕತ್ತಲಾದ ಮೇಲೆ ಉತ್ತರಕ್ಕೆ ಮೂತಿ ತಿರುಗಿಸಿದ್ದಾರೆ.

ರೇಡಿಯೊ ಕರಕರಗುಟ್ಟುತ್ತದೆ. ಕಿವಿಗೊಡಿ. ಅದು ಹಿಂದಿಯಲ್ಲ, ಇಂಗ್ಲಿಷೂ ಅಲ್ಲ, ರಷ್ಯನ್! ಈ ದೋಣಿಗಳನ್ನು ನಡೆಸಲು ಕಲಿಯುವುದಕ್ಕೆ ಸೋವಿಯತ್ ದೇಶಕ್ಕೆ ಹೋಗಿದ್ದ ನಾವಿಕರು ಅಲ್ಲಿನ ಭಾಷೆಯನ್ನೂ ಕಲಿತು ಬಂದಿದ್ದರು. ಯಂತ್ರದ ಕೈಪಿಡಿ ಓದಲೆಂದು ಕಲಿತ ನುಡಿ ಈ ರಾತ್ರಿ ಮುಸುಕಾಗಿದೆ. ನನಗೆ ಈ ಕಾರ್ಯಾಚರಣೆಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಇದೇ.

ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆ, ವಾಯವ್ಯಕ್ಕೆ. ನಿರ್ಘಾತ್ ಅತ್ತ ಹೊರಳುತ್ತದೆ. ದೂರ ಅಳೆಯುತ್ತಾರೆ, ಮತ್ತೆ ಅಳೆಯುತ್ತಾರೆ. ಗೂಡಿನ ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಬರುವುದು ಸದ್ದು ಅನ್ನುವುದಕ್ಕಿಂತ ಎದೆಗೆ ಬಿದ್ದ ಗುದ್ದು. ದೋಣಿ ಇಡೀ ನಡುಗುತ್ತದೆ. ಬೆಂಕಿಯ ಬಾಲ ಆಕಾಶಕ್ಕೆ ಏರಿ, ಚಿಕ್ಕದಾಗಿ, ದೂರದಲ್ಲಿ ಒಂದು ನಕ್ಷತ್ರವಾಗುತ್ತದೆ.

ಇನ್ನು ಆ ಚುಕ್ಕೆಯೊಳಕ್ಕೆ ಬನ್ನಿ. ಈ ದಿನವನ್ನು ನಾವು ಪ್ರತಿವರ್ಷ ನೌಕಾಪಡೆ ದಿನವೆಂದು ಆಚರಿಸುತ್ತೇವೆ, ಆಚರಿಸಲೇಬೇಕಾದ ದಿನ. ಆದರೂ ಆ ಕಡೆಯ ಹಡಗನ್ನು ಚುಕ್ಕೆಯಾಗಿಯೇ ಬಿಟ್ಟು ಬರಲು ನನಗೆ ಆಗುವುದಿಲ್ಲ. ಐದೇ ದಿನಕ್ಕೆ ದಿಯು ಬಳಿ ನಮ್ಮ 'ಖುಕ್ರಿ'ಯೂ ನೀರುಪಾಲಾಯಿತು. ಮುಳುಗುವ ಹಡಗಿನೊಳಗಿನ ಕತ್ತಲೆ ಎಲ್ಲರಿಗೂ ಒಂದೇ.

ಅದು ಪಾಕಿಸ್ತಾನದ ಡೆಸ್ಟ್ರಾಯರ್ 'ಖೈಬರ್'. ಕರಾಚಿಯ ಗಡಿಯಾರದಲ್ಲಿ ಸುಮಾರು 10:45. ಡೆಕ್ಕಿನ ಮೇಲಿನವರಿಗೆ ಬಲಗಡೆಯ ಆಕಾಶದಲ್ಲಿ ಹೊಳೆಯುವ ಬೆಳಕೊಂದು ಕಾಣುತ್ತದೆ. ವಿಮಾನವೆಂದೇ ತಿಳಿದು ಬೋಫೋರ್ಸ್ ತೋಪುಗಳಿಂದ ಗುಂಡಿನ ಮಳೆಗರೆಯುತ್ತಾರೆ. ಬೆಳಕು ನಿಲ್ಲುವುದಿಲ್ಲ. ಅಡುಗೆಮನೆಯ ಕೆಳಗೆ, ಎಲೆಕ್ಟ್ರಿಷಿಯನ್‌ಗಳು ಉಂಡು ಮಲಗುವ ಕೋಣೆಗೆ ಅದು ನುಗ್ಗುತ್ತದೆ. ಬಾಯ್ಲರ್ ಸಿಡಿಯುತ್ತದೆ, ಹಡಗು ನಿಲ್ಲುತ್ತದೆ, ದೀಪಗಳು ಹೋಗುತ್ತವೆ. ಆ ಹೊಗೆಯಲ್ಲೇ ಯಾರೋ ಸಂದೇಶ ಕಳಿಸುತ್ತಾರೆ: ಶತ್ರು ವಿಮಾನ ದಾಳಿ ಮಾಡಿದೆ. ತಾವಿರುವ ಜಾಗವನ್ನೂ ತಿಳಿಸುತ್ತಾರೆ, ತಪ್ಪಾಗಿ. ಸ್ವಲ್ಪ ಹೊತ್ತಿಗೆ ಎರಡನೆಯ ಬೆಳಕು. 200ಕ್ಕೂ ಹೆಚ್ಚು ಮಂದಿ ತಿರುಗಿ ಮನೆ ಸೇರಲಿಲ್ಲ.

ಮಿಕ್ಕದ್ದು ಬೇಗ ಬೇಗ ನಡೆದುಹೋಗುತ್ತದೆ. ನಿಪಾತ್‌ನ ಕ್ಷಿಪಣಿಗೆ 'ವೀನಸ್ ಚಾಲೆಂಜರ್' ಎಂಬ ಸರಕು ಹಡಗು ಬಲಿಯಾಗುತ್ತದೆ. 'ಷಾಜಹಾನ್' ಡೆಸ್ಟ್ರಾಯರ್ ಜಖಂಗೊಳ್ಳುತ್ತದೆ. ವೀರ್ ಹೊಡೆದ ಮೈನ್‌ಸ್ವೀಪರ್ 'ಮುಹಾಫಿಜ್' ಒಂದು ಮಾತನ್ನೂ ಕಳಿಸಲಾಗದೆ ಮುಳುಗುತ್ತದೆ. ಕೊನೆಗೆ ನಿಪಾತ್ ಕರಾಚಿಯ ಕಡೆಗೇ ಮುನ್ನುಗ್ಗಿ ಕೇಮಾರಿಯ ತೈಲ ಟ್ಯಾಂಕುಗಳತ್ತ ಕ್ಷಿಪಣಿ ಬಿಡುತ್ತದೆ. ದಿಗಂತ ಕೆಂಪಾಗುತ್ತದೆ.

ದೋಣಿಗಳು ದಕ್ಷಿಣಕ್ಕೆ ತಿರುಗಿವೆ. ನಮ್ಮವರಲ್ಲಿ ಒಬ್ಬರಿಗೂ ಜೀವಹಾನಿಯಿಲ್ಲ. ಕೆಲಸ ಮುಗಿಯಿತೆಂದು ತಿಳಿಸುವ ಸಂಕೇತಪದ ಹೊರಡುತ್ತದೆ: 'ಅಂಗಾರ್'.

ಅತ್ತ ಖೈಬರ್ ಹುಡುಕಿ ಹೊರಟವರಿಗೆ ಸಿಕ್ಕಿದ್ದು ತಪ್ಪು ಜಾಗದ ಲೆಕ್ಕ. ಗಸ್ತಿನ ದೋಣಿಯೊಂದು ನೀರಿನ ಮೇಲೆ ಉರಿಯುತ್ತ ತೇಲುವ ಅವಶೇಷಗಳನ್ನು ಕಂಡು ಅಲ್ಲಿಗೆ ಧಾವಿಸುತ್ತದೆ. ಮೇಲೆತ್ತಿಕೊಂಡ ಕೆಲವರು ಹೇಳಿದ ಮೇಲೆಯೇ ಗೊತ್ತಾಗುವುದು, ಇವರು ಬೇರೆ ಹಡಗಿನವರು, ಮುಹಾಫಿಜ್ ಕೂಡ ಇನ್ನಿಲ್ಲವೆಂದು.