ಬರಿದಾದ ಹಡಗೂ ಕಿಟಕಿಯ ಕೋಣೆಯೂ

ಸಮುದ್ರಯಾನವೆಂದರೆ ನಮ್ಮ ಹಿರಿಯರ ಕಾಲದಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಿ ಸೇರುವ ಉಪಾಯವಾಗಿತ್ತು. ಈಗಲಾದರೋ ಆ ಕೆಲಸವನ್ನು ವಿಮಾನಗಳು ವಹಿಸಿಕೊಂಡಿರುವುದರಿಂದ, ಹಡಗೇ ಒಂದು ತೇಲುವ ಪಟ್ಟಣವಾಗಿ, ವಿಶ್ರಾಂತಿಯನ್ನು ಬಯಸುವವರನ್ನು ಕೆಲವು ದಿವಸ ಹೊತ್ತು ತಿರುಗಿಸಿ ಮರಳಿ ತಂದು ಬಿಡುವುದು. ಇಂಥದನ್ನು ಕ್ರೂಸ್ ಹಡಗೆಂದು ಕರೆಯುವರು. ಅದರಲ್ಲಿ ಊಟ, ಸಂಗೀತ, ನಾಟಕಶಾಲೆ ಮುಂತಾದವು ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ ಬಗೆಯವು; ಭೇದವು ಮುಖ್ಯವಾಗಿ ಕಾಣುವುದು ಮಲಗುವ ಕೋಣೆಯಲ್ಲಿ. ಹಡಗಿನ ಒಳಮಧ್ಯದಲ್ಲಿ ಕಿಟಕಿಯಿಲ್ಲದ ಒಳಕೋಣೆ. ಅದಕ್ಕಿಂತ ಮೇಲಾದದ್ದು ಗಾಜಿನ ಕಿಟಕಿಯುಳ್ಳ ಹೊರಕೋಣೆ. ಅದಕ್ಕೂ ಮೇಲಾದದ್ದು ಬಾಲ್ಕನಿಯುಳ್ಳ ಕೋಣೆ. ಎಲ್ಲಕ್ಕೂ ಮೇಲೆ ಸೂಟ್ ಎಂಬ ವಿಶಾಲವಾದ ಬಿಡಾರ. ಕೆಳಗಿನ ತರಗತಿಗೆ ಹಣ ತೆತ್ತವರು ಮೇಲಿನ ತರಗತಿಯ ಕೋಣೆಯನ್ನು ಪಡೆಯುವುದು ಹೇಗೆ, ಪ್ರಯಾಣಿಕರು ಕಡಿಮೆಯಾಗಿರುವ ಹಡಗಿನಲ್ಲಿ ಅದು ಸುಲಭವಲ್ಲವೇ ಎಂದು ಅನೇಕರು ನನ್ನನ್ನು ಕೇಳಿರುವರು. ನನ್ನ ಅಕ್ಕನೊಂದಿಗೆ ಮಾಡಿದ ಒಂದು ಕಿರುಪ್ರಯಾಣದಲ್ಲಿ ಈ ವಿಷಯವಾಗಿ ನಾನು ಕಂಡು ಕಲಿತದ್ದನ್ನು ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಒಳ್ಳೆಯ ಕೋಣೆಯ ಆಶೆಯು ಹೊಸತೇನೂ ಅಲ್ಲ. ಇಂಗ್ಲೆಂಡಿನಿಂದ ಹಿಂದೂಸ್ಥಾನಕ್ಕೆ ಬರುವಾಗ ಹಡಗಿನ ಎಡಮಗ್ಗುಲಲ್ಲಿಯೂ ಹಿಂದಿರುಗುವಾಗ ಬಲಮಗ್ಗುಲಲ್ಲಿಯೂ ಬಿಸಿಲಿನ ತಾಪವು ಕಡಿಮೆಯೆಂತಲೂ, ಆ ಕೋಣೆಗಳನ್ನು ಸೂಚಿಸುವ ನಾಲ್ಕು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದಲೇ ‘ಪಾಶ್’ ಎಂಬ ಶಬ್ದವು ಹುಟ್ಟಿತೆಂತಲೂ ಒಂದು ಕಥೆಯುಂಟು. ಈ ವ್ಯುತ್ಪತ್ತಿಗೆ ಆಧಾರವಿಲ್ಲವೆಂದು ಶಬ್ದಕೋಶಕಾರರು ಹೇಳುವರು. ಆದರೂ ಕಥೆಯು ಸಾಯದೆ ಉಳಿದಿರುವುದನ್ನು ನೋಡಿದರೆ, ಹಡಗನ್ನು ಹತ್ತುವ ಮನುಷ್ಯನ ಮನಸ್ಸು ಎಲ್ಲಿ ನೆಟ್ಟಿರುವುದೆಂಬುದು ತಿಳಿಯುವುದು.

ಮೊದಲು ಹಡಗಿನ ಲೆಕ್ಕಾಚಾರವನ್ನು ಸ್ವಲ್ಪ ತಿಳಿಯಬೇಕು. ಒಂದು ಕೋಣೆಗೆ ಇಬ್ಬರೆಂದು ಎಣಿಸಿ ಹಡಗು ತುಂಬಿತೆಂದು ಹೇಳುವುದು ಕಂಪೆನಿಗಳ ರೂಢಿ. ಮೂರನೆಯ ನಾಲ್ಕನೆಯ ಹಾಸಿಗೆಗಳಲ್ಲಿ ಮಕ್ಕಳು ಮಲಗುವುದರಿಂದ ಈ ಲೆಕ್ಕವು ನೂರನ್ನು ಮೀರುವುದುಂಟು. ೨೦೧೯ರಲ್ಲಿ ಅತಿ ದೊಡ್ಡ ಕಂಪೆನಿಗಳಲ್ಲಿ ಅದು ನೂರಕ್ಕೆ ೧೦೫ನ್ನು ದಾಟಿತ್ತು. ಬರಿದಾದ ಕೋಣೆಯು ಕಂಪೆನಿಗೆ ಎರಡು ಬಗೆಯ ನಷ್ಟ. ಯಾಕಂದರೆ ಆ ಕಂಪೆನಿಗಳ ಆದಾಯದ ಹತ್ತು ಪಾಲುಗಳಲ್ಲಿ ಸುಮಾರು ಮೂರು ಪಾಲು, ಪ್ರಯಾಣಿಕರು ಹಡಗಿನೊಳಗೆ ಪಾನೀಯ, ಅಂಗಡಿ, ವಿನೋದ, ದಡದ ಮೇಲಣ ವಿಹಾರ ಇವುಗಳಿಗೆ ಕೊಡುವ ಹಣದಿಂದಲೇ ಬರತಕ್ಕದ್ದು. ಆದುದರಿಂದ ಬೆಲೆಯನ್ನು ಇಳಿಸಿಯಾದರೂ ಜನರನ್ನು ಹತ್ತಿಸಿಕೊಳ್ಳುವುದೇ ಅವರಿಗೆ ಲಾಭ. ಅಗ್ಗದ ಕೋಣೆಗಳು ಬೇಗನೆ ಮಾರಿಹೋಗುವುವು. ಆಗ ಅಗ್ಗದ ಕೋಣೆಯಲ್ಲಿದ್ದ ಒಬ್ಬರನ್ನು ಮೇಲಿನ ಕೋಣೆಗೆ ಏರಿಸಿದರೆ, ತೆರವಾದ ಆ ಅಗ್ಗದ ಕೋಣೆಯನ್ನು ಮತ್ತೊಬ್ಬರಿಗೆ ಮಾರಬಹುದು. ಮೇಲಿನ ಕೋಣೆಯು ದೊರೆಯುವುದು ಕಂಪೆನಿಯ ಔದಾರ್ಯದಿಂದಲ್ಲ, ಬಹುಮಟ್ಟಿಗೆ ಈ ಗಣಿತದ ದೆಸೆಯಿಂದಲೇ.

ಇನ್ನು ನನ್ನ ಅಕ್ಕನ ವಿಷಯ. ಉಡುಪಿಯ ಕಡೆಯಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಮಧ್ಯಪ್ರಾಂತದ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದಾದಿಯಾಗಿದ್ದವಳು. ೨೦೨೦ರ ಮಹಾವ್ಯಾಧಿಯಲ್ಲಿ ಒಂದು ವರ್ಷ ಪೂರ್ತಿ ಮುಚ್ಚಿದ ವಾರ್ಡುಗಳಲ್ಲಿ ಮುಖಕವಚ ಧರಿಸಿ ಸೇವೆ ಮಾಡಿ, ೨೦೨೧ರ ವಸಂತದಲ್ಲಿ ನಿವೃತ್ತಳಾದಳು. ಅಂದಿನಿಂದ ಅವಳಿಗೆ ಒಂದು ಸಂಕಟ ಅಂಟಿಕೊಂಡಿತ್ತು: ಕಿಟಕಿಯಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಲಾರಳು. ಸಮುದ್ರವನ್ನು ನೋಡಬೇಕೆಂದು ಅವಳೇ ಆಶೆಪಟ್ಟಳು. ಆದರೆ ತನ್ನ ಟಿಕೇಟಿಗೆ ತನ್ನ ಹಣವೇ ಸಲ್ಲಬೇಕೆಂಬುದು ಅವಳ ಛಲ. ನನ್ನಿಂದ ಒಂದು ಕಾಸನ್ನೂ ತೆಗೆದುಕೊಳ್ಳಲೊಲ್ಲಳು. ಅವಳ ಶಕ್ತಿಗೆ ಎಟುಕಿದ್ದು ಒಳಕೋಣೆ. “ನಾಲ್ಕೇ ರಾತ್ರಿಯಲ್ಲವೇ ತಂಗೀ, ಮೇಲೆ ಕುರ್ಚಿಯಲ್ಲಿ ಕೂತು ಕಳೆದೇನು,” ಎಂದು ಬಿಟ್ಟಳು.

ಆಗಿನ ನಿಯಮದ ಮೇರೆಗೆ, ೨೦೨೧ರ ಮೇ ೧೭ರ ತರುವಾಯ ಇಂಗ್ಲೆಂಡಿನಿಂದ ಹೊರಡುವ ಸ್ವದೇಶೀ ಕ್ರೂಸ್ ಹಡಗುಗಳಿಗೆ ಅಪ್ಪಣೆ ದೊರೆತಿತ್ತಾದರೂ, ಒಂದು ಹಡಗಿನಲ್ಲಿ ಸಾವಿರ ಪ್ರಯಾಣಿಕರು, ಅಥವಾ ಅದರ ಸಾಮರ್ಥ್ಯದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಜನರನ್ನು ಹತ್ತಿಸತಕ್ಕದ್ದೆಂದು ಕಟ್ಟುಪಾಡಿತ್ತು. ಜೂನ್ ತಿಂಗಳ ಕೊನೆಯಲ್ಲಿ ನಾವು ಸೌತ್‌ಹ್ಯಾಂಪ್ಟನ್ ಬಂದರಿನಿಂದ ಹೊರಟೆವು. ಹಡಗು ಎಲ್ಲಿಯೂ ದಡ ಸೇರದೆ ಕಾರ್ನ್‌ವಾಲಿನ ಕರಾವಳಿಯವರೆಗೆ ಹೋಗಿ ಹಿಂದಿರುಗತಕ್ಕದ್ದು. ಉದ್ದವಾದ ಓಣಿಗಳಲ್ಲಿ ಸಾಲುಸಾಲಾಗಿ ಮುಚ್ಚಿದ ಬಾಗಿಲುಗಳು. ಇಷ್ಟು ಬರಿದಾದ ಹಡಗಿನಲ್ಲಿ ಒಂದು ಕಿಟಕಿಗೇನು ಬರವೆಂದು ಯೋಚಿಸಿ, ಬಂದರಿನ ಮೇಜಿನಲ್ಲಿಯೇ ನಾನು ವಿನಯದಿಂದ ವಿಚಾರಿಸಿದೆನು. ಅಲ್ಲಿನವರು ಅಷ್ಟೇ ವಿನಯದಿಂದ ಇಲ್ಲವೆಂದರು.

ಅದರ ಕಾರಣವನ್ನು ತಿಳಿಸಿದವನು ನಮ್ಮ ಓಣಿಯನ್ನು ನೋಡಿಕೊಳ್ಳುತ್ತಿದ್ದ ಸ್ಟುವರ್ಡ್. ನಮ್ಮ ಮಾತು ಕಿವಿಗೆ ಬಿದ್ದೊಡನೆ, “ಅಮ್ಮಾ, ನೀವು ಊರಿನ ಕಡೆಯವರೋ?” ಎಂದು ಕೇಳಿದನು. ಮಂಗಳೂರಿನ ಹತ್ತಿರದ ಹುಡುಗ. ಗೋವೆಯಿಂದಲೂ ನಮ್ಮ ಕನ್ನಡ ಕರಾವಳಿಯಿಂದಲೂ ಬಹಳ ಮಂದಿ ಯುವಕರು ಇಂಥ ಹಡಗುಗಳಲ್ಲಿ ದುಡಿಯುವರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. “ಅಮ್ಮಾ, ಜನ ಕಡಿಮೆಯಾದರೆ ಕೆಲಸದವರೂ ಕಡಿಮೆ. ಗುಡಿಸಿ ಹಾಸಲು ಆಳಿಲ್ಲದ ಅಂತಸ್ತನ್ನು ಬೀಗ ಹಾಕಿ ಬಿಡುವರು. ಇನ್ನು ಕೆಲವು ಕೋಣೆಗಳನ್ನು ಯಾರಿಗಾದರೂ ಸೋಂಕು ಬಂದರೆ ಇರಲಿ ಎಂದು ಕಾದಿಟ್ಟಿರುವರು. ಕೋಣೆ ಹಂಚುವುದು ದಡದ ಮೇಲಿನ ಕಚೇರಿ, ನಮ್ಮ ಕೈಯಲ್ಲಿ ಏನೂ ಇಲ್ಲ,” ಎಂದನು. ಬರಿದಾದ ಹಡಗೆಂದರೆ ಬರಿದಾದ ಕೋಣೆಗಳೆಲ್ಲ ನಮ್ಮವೆಂದು ಅರ್ಥವಲ್ಲವೆಂಬುದನ್ನು ನಾನು ಅವನಿಂದ ಕಲಿತೆನು.

ಅವನು ಮತ್ತೊಂದು ಮಾತನ್ನೂ ಹೇಳಿದನು. ೨೦೨೦ರ ಮಾರ್ಚಿಯಲ್ಲಿ ಲೋಕದ ಕ್ರೂಸ್ ಹಡಗುಗಳು ನಿಂತುಹೋದಾಗ, ಪ್ರಯಾಣಿಕರನ್ನೆಲ್ಲ ಇಳಿಸಿದ ಮೇಲೆ, ಸಿಬ್ಬಂದಿಯವರು ಊರಿಗೆ ಹೋಗಲು ದಾರಿಯಿಲ್ಲದೆ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ಹಡಗಿನಲ್ಲಿಯೇ ಉಳಿಯಬೇಕಾಯಿತು. ಒಬ್ಬರಿಂದೊಬ್ಬರನ್ನು ದೂರವಿಡುವ ನಿಮಿತ್ತ ಎಷ್ಟೋ ಹಡಗುಗಳಲ್ಲಿ ಅವರನ್ನು ಪ್ರಯಾಣಿಕರ ಕೋಣೆಗಳಿಗೇ ಏರಿಸಿದರು. “ನನಗೂ ಬಾಲ್ಕನಿ ಕೋಣೆ ಸಿಕ್ಕಿತ್ತು, ಅಮ್ಮಾ. ಬಾಗಿಲ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದರು. ಎಪ್ಪತ್ತು ದಿವಸ ಒಬ್ಬನೇ ಕೂತು ಸಮುದ್ರ ನೋಡಿದೆ. ಮನೆಯ ಜಗಲಿ ನೆನಪಾಗಿ ಅಳು ಬರುತ್ತಿತ್ತು,” ಎಂದು ನಕ್ಕನು. ಅಕ್ಕನು ಅವನ ಮುಖವನ್ನೇ ನೋಡುತ್ತ ಕುಳಿತಿದ್ದಳು, ನಗಲಿಲ್ಲ.

ಆ ರಾತ್ರಿ ಅವಳು ಹೇಳಿದಂತೆಯೇ ಮೇಲಂತಸ್ತಿನ ಕುರ್ಚಿಯಲ್ಲಿ ಕಂಬಳಿ ಹೊದೆದು ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆನು. ಎರಡು ಗಂಟೆಯ ಹೊತ್ತಿಗೆ ಗಾಳಿಯು ಬಲವಾಗಿ, ಇಬ್ಬರೂ ನಡುಗುತ್ತ ಒಳಗೆ ಹೋದೆವು. ಅವಳು ದೀಪವನ್ನು ಆರಿಸಗೊಡದೆ ಬೆಳಗಿನ ತನಕ ಹಾಸಿಗೆಯ ಮೇಲೆ ಒರಗಿಯೇ ಇದ್ದಳು. ಮರುದಿವಸ ಮಧ್ಯಾಹ್ನ ನಾನು ಹಡಗಿನ ವಿಚಾರಣಾ ಮೇಜಿಗೆ ಹೋಗಿ, ಅಕ್ಕನ ಸ್ಥಿತಿಯನ್ನು ಅಲ್ಲಿದ್ದ ಅಧಿಕಾರಿಣಿಗೆ ಇದ್ದಂತೆಯೇ ತಿಳಿಸಿದೆನು. ಆಕೆ ಪಟ್ಟಿಯನ್ನು ನೋಡಿ, ಕೆಳಗಿನ ಅಂತಸ್ತಿನ ನಡುವೆ ಕಿಟಕಿಯುಳ್ಳ ಒಂದು ಕೋಣೆ ತೆರವಾಗಿದೆಯೆಂತಲೂ, ಇಬ್ಬರಿಗೂ ಸೇರಿ ಎಂಬತ್ತು ಪೌಂಡು ಹೆಚ್ಚಿಗೆ ಕೊಟ್ಟರೆ ಅದನ್ನು ಕೊಡಬಹುದೆಂತಲೂ ಹೇಳಿದಳು.

ಇದನ್ನು ಕೇಳಿ ಅಕ್ಕನಿಗೆ ಸಂತೋಷವಾಗುವುದೆಂದು ನಾನು ಎಣಿಸಿದ್ದೆನು. ಅವಳಾದರೋ, “ಆ ಕೋಣೆಯವರು ಎಲ್ಲಿ ಹೋದರು?” ಎಂದು ಕೇಳಿದಳು. ಹಡಗನ್ನು ಹತ್ತುವ ಮುಂಚೆ ಬಂದರಿನಲ್ಲಿ ಎಲ್ಲರಿಗೂ ಪರೀಕ್ಷೆಯಾಗುತ್ತಿತ್ತಷ್ಟೆ. ಆ ದಂಪತಿಗಳಲ್ಲಿ ಒಬ್ಬರಿಗೆ ಸೋಂಕು ಕಂಡದ್ದರಿಂದ ಇಬ್ಬರೂ ಹಿಂದಿರುಗಿದ್ದರು. ಅಕ್ಕನು ಬಹಳ ಹೊತ್ತು ಸುಮ್ಮನಿದ್ದು, “ಒಬ್ಬರು ಕಾಯಿಲೆ ಬಿದ್ದದ್ದರಿಂದ ನನಗೆ ಕಿಟಕಿಯೇ?” ಎಂದಳು. ಬಳಿಕ ತಾನೇ ಮೇಜಿಗೆ ಹೋಗಿ, ಅವರ ಹಣ ಅವರಿಗೆ ಹಿಂದಿರುಗುವುದೋ ಎಂದು ವಿಚಾರಿಸಿದಳು. ಪೂರ್ತಿಯಾಗಿ ಹಿಂದಿರುಗುವುದೆಂದು ತಿಳಿದ ಮೇಲೆಯೇ ತನ್ನ ಪಾಲಿನ ನಲವತ್ತು ಪೌಂಡುಗಳನ್ನು ತೆಗೆದುಕೊಟ್ಟಳು. ನನ್ನ ಪಾಲನ್ನು ಕೊಡಲು ನನಗೆ ಅಪ್ಪಣೆಯಾಯಿತು. ಆ ರಾತ್ರಿ ಕಿಟಕಿಯ ತೆರೆಯನ್ನು ಸರಿಸಿ ಮಲಗಿದವಳು ಬೆಳಗಿನ ಏಳು ಗಂಟೆಯ ತನಕ ಏಳಲಿಲ್ಲ. ಜೂನ್ ತಿಂಗಳಾದ್ದರಿಂದ ಐದು ಗಂಟೆಗೇ ಹೊತ್ತು ಹುಟ್ಟಿ, ಕಾರ್ನ್‌ವಾಲಿನ ಬಂಡೆಗಳು ಕೆಂಪಗೆ ಕಾಣುತ್ತಿದ್ದುವು. ಆ ದೃಶ್ಯವನ್ನು ತೋರಿಸಲು ಅವಳನ್ನು ಎಬ್ಬಿಸಬೇಕೆಂದು ಕೈ ಚಾಚಿದೆನು. ಆಕೆಯ ಉಸಿರಾಟವನ್ನು ಕೇಳಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆನು.

ಇಂಥ ಪ್ರಯಾಣವನ್ನು ಯೋಚಿಸುವ ಸಹೋದರಿಯರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ಇಲ್ಲಿ ಸೇರಿಸುವೆನು. ಈಗ ಕ್ರೂಸ್ ಹಡಗುಗಳು ಮೊದಲಿನಂತೆ ತುಂಬಿಯೇ ಹೋಗುವುವು. ಜನ ಕಡಿಮೆಯಾಗಿರುವುದು ಮಕ್ಕಳಿಗೆ ಶಾಲೆಯಿರುವ ತಿಂಗಳುಗಳಲ್ಲಿ, ಕ್ರಿಸ್ಮಸ್ಸಿನ ಮುಂಚಿನ ವಾರಗಳಲ್ಲಿ, ಮತ್ತು ಋತು ಬದಲಾಗುವಾಗ ಹಡಗನ್ನು ಒಂದು ಸಾಗರದಿಂದ ಇನ್ನೊಂದಕ್ಕೆ ಸಾಗಿಸುವ ದೀರ್ಘ ಪ್ರಯಾಣಗಳಲ್ಲಿ. ಅನೇಕ ಕಂಪೆನಿಗಳಲ್ಲಿ ಕೋಣೆಯ ಅಂಕಿಯನ್ನು ಗೊತ್ತುಮಾಡದೆ ತರಗತಿಯನ್ನು ಮಾತ್ರ ಖಾತರಿಪಡಿಸುವ ಟಿಕೇಟು ಉಂಟು. ಅದನ್ನು ಕೊಂಡವರಿಗೆ ಆ ತರಗತಿಗೆ ಕೆಳಗಿನದನ್ನು ಕೊಡುವಂತಿಲ್ಲ, ಮೇಲಿನದು ಕೆಲವು ವೇಳೆ ದೊರೆಯುವುದು. ಇನ್ನು ಕೆಲವರು ಹರಾಜಿನಂತೆ, ಮೇಲಿನ ಕೋಣೆಗೆ ಎಷ್ಟು ಹೆಚ್ಚು ಕೊಡುವಿರೆಂದು ಮೊದಲೇ ಕೇಳುವರು. ಅಲ್ಲಿ ಹೇಳಿದ ಮೊತ್ತವು ಸಾಮಾನ್ಯವಾಗಿ ತಲೆಯೊಂದಕ್ಕೆ. ಒಬ್ಬರೇ ಹೋದರೂ ಇಬ್ಬರ ಹಣ ಹಿಡಿಯುವುದುಂಟು. ಒಪ್ಪಿಗೆಯಾದ ಮೇಲೆ ಹಿಂದಿರುಗದು. ಮೇಲಂತಸ್ತಿನ ಮುಂಭಾಗದ ಕೋಣೆಯು ಅಲೆಗೆ ಹೆಚ್ಚಾಗಿ ಓಲಾಡುವುದರಿಂದ, ತಲೆಸುತ್ತುವವರಿಗೆ ಕೆಳಗಿನ ಅಂತಸ್ತಿನ ನಡುಭಾಗವೇ ಹಿತ. ಪಾರುಗಾಣಿಸುವ ದೋಣಿಯು ಕಿಟಕಿಗೆ ಅಡ್ಡವಾಗಿರುವ ಕೋಣೆಗಳೂ ಉಂಟು. ಆದುದರಿಂದ ಬೆಲೆಯಲ್ಲಿ ಮೇಲಾದದ್ದೆಲ್ಲ ನಿಮಗೆ ಮೇಲಾದದ್ದೆಂದು ನಂಬದೆ, ಹಡಗಿನ ನಕ್ಷೆಯನ್ನು ನೋಡಿ ಕೇಳಿರಿ.

ಕೇಳುವುದರಲ್ಲಿ ಲಜ್ಜೆ ಬೇಡ. ನಿಜವಾದ ಅಗತ್ಯವಿದ್ದರೆ ಅದನ್ನು ಮುಚ್ಚದೆ ಹೇಳುವುದೇ ಲೇಸು. ಇಲ್ಲವೆಂದರೆ ಮೇಜಿನ ಹಿಂದಿರುವವರ ಮೇಲೆ ಮುನಿಯಬೇಡಿರಿ. ಕೋಣೆಯ ಬೀಗದ ಕೈ ಬಹುಮಟ್ಟಿಗೆ ಅವರ ಬಳಿ ಇರುವುದಿಲ್ಲ. ನಿಮ್ಮ ಹಾಸಿಗೆಯನ್ನು ಹಾಸುವ ಹುಡುಗನ ಊರನ್ನು ವಿಚಾರಿಸಿರಿ. ಹೊರಡುವ ದಿನ ಅಕ್ಕನು ನಮ್ಮ ಮಂಗಳೂರಿನ ಹುಡುಗನಿಗೆ ಇನಾಮಿನ ಜೊತೆಗೆ ಅವನ ತಾಯಿಗೆಂದು ತನ್ನ ಉಣ್ಣೆಯ ಶಾಲನ್ನು ಕೊಟ್ಟಳು. ಆ ವರ್ಷದ ಕೊನೆಯಲ್ಲಿ ಅವನು ಊರಿನಿಂದ ಒಂದು ಚಿತ್ರವನ್ನು ಕಳುಹಿಸಿದ್ದನು: ಹಂಚಿನ ಮನೆಯ ಜಗಲಿಯ ಮೇಲೆ ಶಾಲು ಹೊದ್ದ ಮುದುಕಿ, ಪಕ್ಕದಲ್ಲಿ ಬರಿಗಾಲಿನ ಮಗ. ಅಕ್ಕನು ಅದನ್ನು ಅಡಿಗೆಮನೆಯ ಕಿಟಕಿಯ ಬಳಿ ಇಟ್ಟಿರುವಳು.